ದಡದ ಮೇಲೆ ಒಂದು ಹಗಲು

ವಿಹಾರನೌಕೆಯಲ್ಲಿ ಪಯಣಿಸುವವರ ಜೀವನಕ್ರಮ ವಿಚಿತ್ರವಾದುದು. ಅವರು ಹಲವು ದಿನ ಹಡಗಿನಲ್ಲಿಯೇ ಉಂಡು ಮಲಗಿ, ದಾರಿಯಲ್ಲಿ ಸಿಕ್ಕುವ ಊರುಗಳನ್ನು ಒಂದೊಂದು ಹಗಲು ಕಂಡು ಮುಂದೆ ಸಾಗುತ್ತಾರೆ. ರಾತ್ರಿ ನೌಕೆಯ ಓಟ, ಹಗಲು ಪ್ರಯಾಣಿಕರ ಓಟ. ಅಂಥ ಒಂದು ಹಗಲು ಹೇಗೆ ಕಳೆಯುತ್ತದೆ ಎಂಬುದನ್ನು ಬಾರ್ ಹಾರ್ಬರ್ ಎಂಬ ಪಟ್ಟಣದಲ್ಲಿ ನೋಡೋಣ.

ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯದ ಕರಾವಳಿಯಲ್ಲಿ ಮೌಂಟ್ ಡೆಸರ್ಟ್ ಎಂಬ ದ್ವೀಪವಿದೆ. ಅದರ ತೀರದಲ್ಲಿರುವ ಬಾರ್ ಹಾರ್ಬರಿನ ನಿವಾಸಿಗಳು ಸುಮಾರು ಐದು ಸಾವಿರ. ಶರತ್ಕಾಲದಲ್ಲಿ ಕಾಡಿನ ಎಲೆಗಳು ಕೆಂಪು, ಹೊಂಬಣ್ಣಗಳನ್ನು ತಳೆದಾಗ ನೌಕೆಗಳು ಹೆಚ್ಚಾಗಿ ಬರುತ್ತವೆ. ದೊಡ್ಡ ಹಡಗು ದಡಕ್ಕೆ ತಾಗಿ ನಿಲ್ಲಲಾರದು. ಅದು ಫ್ರೆಂಚ್‌ಮನ್ ಕೊಲ್ಲಿಯಲ್ಲಿ ಲಂಗರು ಹಾಕುತ್ತದೆ. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ತಂಡತಂಡವಾಗಿ ಊರಿನ ಕಟ್ಟೆಗೆ ಬಂದಿಳಿಯಬೇಕು. ಸಾವಿರಾರು ಜನರಿರುವಾಗ ಸರದಿ ಕಾಯುವುದರಲ್ಲಿಯೇ ಬೆಳಗಿನ ಒಂದೆರಡು ಗಂಟೆಗಳು ಕಳೆದುಹೋಗುವುದುಂಟು.

ದಡ ಸೇರಿದವನಿಗೆ ಕಣ್ಣಿಡಬೇಕಾದ ಗಡಿಯಾರಗಳು ಎರಡು. ಮೊದಲನೆಯದು ಹಡಗಿನದು. ಕೊನೆಯ ದೋಣಿ ತಪ್ಪಿದರೆ ಹಡಗು ಸಾಮಾನ್ಯವಾಗಿ ಕಾಯುವುದಿಲ್ಲ. ಮುಂದಿನ ಬಂದರಿಗೆ ಸ್ವಂತ ಖರ್ಚಿನಿಂದ ಹೋಗಿ ಸೇರಿಕೊಳ್ಳಬೇಕು. ಎರಡನೆಯದು ಸಮುದ್ರದ್ದು. ಊರಿನೆದುರಿಗೆ ಬಾರ್ ಐಲೆಂಡ್ ಎಂಬ ಕಾಡುದ್ವೀಪವಿದೆ. ನೀರು ಇಳಿದಾಗ ಮರಳು, ಉರುಟುಗಲ್ಲುಗಳ ದಿಣ್ಣೆಯೊಂದು ಮೇಲೆದ್ದು, ಊರಿಗೂ ದ್ವೀಪಕ್ಕೂ ನಡುವೆ ದಾರಿಯಾಗುತ್ತದೆ. ಇಂಗ್ಲಿಷಿನಲ್ಲಿ ಇಂಥ ದಿಣ್ಣೆಗೆ ‘ಬಾರ್’ ಎನ್ನುತ್ತಾರೆ. ಊರಿನ ಹೆಸರಿಗೂ ಅದೇ ಮೂಲ. 1918ಕ್ಕೆ ಮೊದಲು ಊರಿನ ಹೆಸರು ‘ಈಡನ್’ ಎಂದಿತ್ತು.

ಇಳಿತದ ಕ್ಷಣಕ್ಕೆ ಸುಮಾರು ಒಂದೂವರೆ ಗಂಟೆ ಮುಂಚಿನಿಂದ ಅಷ್ಟೇ ಹೊತ್ತು ಅನಂತರದವರೆಗೆ ದಾರಿ ತೆರೆದಿರುತ್ತದೆ. ಆಮೇಲೆ ನೀರು ಎರಡೂ ಕಡೆಯಿಂದ ಬಂದು ಮುಚ್ಚಿಬಿಡುತ್ತದೆ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಹತ್ತು ಅಡಿಗಳ ಅಂತರ. ಆದುದರಿಂದ ಮರಳು ಹೇಗೂ ಕಾಣುತ್ತಿದೆಯಲ್ಲ ಎಂದು ತಡಮಾಡುವುದು ಅಪಾಯ. ತಡಮಾಡಿದವನು ಮುಂದಿನ ಇಳಿತದವರೆಗೆ ಹಲವು ಗಂಟೆ ದ್ವೀಪದಲ್ಲಿಯೇ ಉಳಿಯಬೇಕು. ಅಷ್ಟರಲ್ಲಿ ಹಡಗು ಹೊರಟಿರುತ್ತದೆ. ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುವುದರಿಂದ ನಿನ್ನೆ ಬಂದವನ ಅನುಭವ ಇಂದಿನವನಿಗೆ ನೆರವಾಗದು. ಉಬ್ಬರವಿಳಿತದ ಪಟ್ಟಿಯನ್ನು ನೋಡದೆ ಹೊರಡುವವರನ್ನು ಧೈರ್ಯಶಾಲಿಗಳೆನ್ನಲು ನನಗೆ ಮನಸ್ಸಾಗದು.

ಬೆಟ್ಟ ಬಯಸುವವರಿಗೆ ಅಕೇಡಿಯಾ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿನ ಕ್ಯಾಡಿಲಾಕ್ ಶಿಖರದ ಎತ್ತರ 1,530 ಅಡಿ. ಉದ್ಯಾನದ ಬಹುಭಾಗ ಧನಿಕರು ಕೊಂಡು ದಾನ ಮಾಡಿದ ನೆಲ, ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಅಲ್ಲಿ ಕುದುರೆಗಾಡಿಗಳಿಗೆಂದೇ ಮೈಲುಗಟ್ಟಲೆ ಕಲ್ಲುಹಾದಿ ಮಾಡಿಸಿದರು. ಧನಿಕರ ಬೇಸಗೆಯ ಭವನಗಳಲ್ಲಿ ಹಲವು 1947ರ ಅಕ್ಟೋಬರಿನ ಕಾಳ್ಗಿಚ್ಚಿನಲ್ಲಿ ಭಸ್ಮವಾದವು. ಇದಾವುದಕ್ಕೂ ಹೊತ್ತು ಸಾಲದವರು ಅಂಗಡಿಬೀದಿಯಲ್ಲಿ ಅಡ್ಡಾಡಿ, ಆ ಕಡಲಿನ ದೊಡ್ಡ ಸಿಗಡಿಯಾದ ಲಾಬ್‌ಸ್ಟರ್ ತಿಂದು ಹಿಂದಿರುಗುತ್ತಾರೆ.

ಇಷ್ಟು ಅತಿಥಿಗಳ ಮಾತಾಯಿತು, ಆತಿಥೇಯರ ಪಾಡೇನು? ಐದು ಸಾವಿರ ಜನರ ಊರಿಗೆ ಒಂದೇ ಬೆಳಗಿನಲ್ಲಿ ಮೂರು ನಾಲ್ಕು ಸಾವಿರ ಜನ ಇಳಿದರೆ ಕಾಲುದಾರಿಗಳು ತುಂಬುತ್ತವೆ. ಊರಿನವನಿಗೆ ತನ್ನ ಬೀದಿಯಲ್ಲೇ ನಡೆಯಲು ಎಡೆಯಿರದು. ಆದರೆ ಅಂಗಡಿಕಾರರಿಗೂ ದೋಣಿಯವರಿಗೂ ಈ ಜನರಿಂದಲೇ ಆದಾಯ. 2022ರ ನವೆಂಬರಿನಲ್ಲಿ ಪಟ್ಟಣದ ಮತದಾರರು, ದಿನಕ್ಕೆ ಒಂದು ಸಾವಿರಕ್ಕಿಂತ ಹೆಚ್ಚು ನೌಕಾಪ್ರಯಾಣಿಕರು ಇಳಿಯಕೂಡದೆಂದು ತೀರ್ಮಾನಿಸಿದರು. ಕೆಲವು ವರ್ತಕರು ನ್ಯಾಯಾಲಯದ ಮೊರೆಹೊಕ್ಕರು. 2024ರಲ್ಲಿ ನ್ಯಾಯಾಲಯವು ಊರಿನ ತೀರ್ಮಾನವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಆದರೂ ವಾದ ತಣ್ಣಗಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆ ಮಿತಿಯನ್ನು ತೆಗೆದುಹಾಕುವ ಪ್ರಶ್ನೆ ಮತ್ತೆ ಮತಕ್ಕೆ ಬಂದು, ಅತಿ ಕಡಿಮೆ ಅಂತರದಿಂದ ಬಿದ್ದುಹೋಯಿತು.