ಸಿಲಿಂಡರ್ ಹೊರಗೆ, ಬೆಂಕಿ ಒಳಗೆ: ಬಚ್ಚಲಿನ ಗ್ಯಾಸ್ ಗೀಸರ್ ಬಗ್ಗೆ ಒಂದಿಷ್ಟು

ಡಿಸೆಂಬರಿನಲ್ಲಿ ಉಮ್ಮನನ್ನು ಕರೆದುಕೊಂಡು ತಗಡೂರಿನ ತಂಗಿ ಮನೆಗೆ ಹೋಗಿದ್ದೆ. ತಂಗಿಯ ಗಂಡ ಅಲ್ಲಿ ಫ್ಯಾನ್ಸಿ ಅಂಗಡಿ ಇಟ್ಟುಕೊಂಡು ಹತ್ತಾರು ವರ್ಷವಾಯಿತು. ನಂಜನಗೂಡು ತಾಲೂಕಿನ ಈ ಊರು ಖಾದಿಗೂ ತಗಡೂರು ರಾಮಚಂದ್ರ ರಾಯರಿಗೂ ಹೆಸರಾದದ್ದು. ಆದರೆ ನಮ್ಮ ಉಮ್ಮನಿಗೆ ಅದು ‘ಬೆಳಿಗ್ಗೆ ನೀರು ಮುಟ್ಟಲಿಕ್ಕಾಗದ ಊರು’ ಮಾತ್ರ. ಕಡಲ ಕರೆಯಲ್ಲಿ ಹುಟ್ಟಿ ಬೆಳೆದವರಿಗೆ ಅಲ್ಲಿಯ ಡಿಸೆಂಬರ್ ಚಳಿ ಸಾಕಷ್ಟು ಜಾಸ್ತಿಯೇ.

ಹೋದದ್ದು ಬಾಣಂತಿ ನೋಡಲಿಕ್ಕೆ. ತಂಗಿಯ ಮಗಳಿಗೆ ಹೆರಿಗೆಯಾಗಿ ಇಪ್ಪತ್ತು ದಿನ. ಮಗು ಚೆನ್ನಾಗಿತ್ತು. ಹುಡುಗಿ ಮಾತ್ರ ಸಪ್ಪಗಿದ್ದಳು. “ಮಿಂದು ಬರುವಾಗ ತಲೆ ತಿರುಗ್ತದೆ ಮಾಮ, ವಾಕರಿಕೆ ಬಂದ ಹಾಗೆ ಆಗ್ತದೆ. ಸ್ವಲ್ಪ ಹೊತ್ತು ಮಲಗಿದರೆ ಸರಿಯಾಗ್ತದೆ” ಎಂದಳು. ಬಾಣಂತಿಗೆ ನಿಶ್ಶಕ್ತಿ, ರಕ್ತ ಕಡಿಮೆ, ಇನ್ನೂ ಸ್ವಲ್ಪ ಮೆಂತೆ ಗಂಜಿ ಕೊಡಿ ಎಂದು ಮನೆಯ ಹೆಂಗಸರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು. ಕೋವಿಡ್ ಕಾಲದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದ್ದರು. 98 ತೋರಿಸಿತ್ತು.

ಮಿಂದ ಮೇಲೆಯೇ ಯಾಕೆ ತಲೆ ತಿರುಗುವುದು? ಬಚ್ಚಲಿಗೆ ಹೋಗಿ ನೋಡಿದೆ. ಐದಡಿ ಅಗಲ, ಆರಡಿ ಉದ್ದ. ನಲ್ಲಿಯ ಮೇಲೆ ಹೊಸ ಗ್ಯಾಸ್ ಗೀಸರ್. ಹೆರಿಗೆಗೆಂದೇ ಹಾಕಿಸಿದ್ದು. ಮೇಲಿನ ವೆಂಟಿಲೇಟರಿಗೆ ಬಾಣಂತಿಗೆ ಗಾಳಿ ಬಡಿಯಬಾರದೆಂದು ಹಳೇ ಫ್ಲೆಕ್ಸ್ ಮಡಚಿ ಒತ್ತಿದ್ದರು. ಬಾಗಿಲಿನ ಅಡಿಯ ಸಂದಿಗೆ ಹಳೇ ಬೈರಾಸು. ಸಿಲಿಂಡರನ್ನು ಮಾತ್ರ ಜಾಗ್ರತೆಯಿಂದ ಗೋಡೆಯ ಆಚೆ ಇಟ್ಟಿದ್ದರು.

ನಮ್ಮ ಹೆಚ್ಚಿನ ಮನೆಗಳಲ್ಲಿ ಆಗುವ ತಪ್ಪು ಇದೇ. ಸಿಲಿಂಡರಿಗೆ ಹೆದರುತ್ತೇವೆ, ಬೆಂಕಿಗೆ ಹೆದರುವುದಿಲ್ಲ.

ಹೆದರಬೇಕಾದ್ದು ಎರಡಕ್ಕೂ. ಒಂದು, ಅನಿಲ ಸೋರುವುದು. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರ, ಕೆಳಗಿಳಿದು ನೆಲದ ಮಟ್ಟದಲ್ಲಿ ನಿಲ್ಲುತ್ತದೆ. 2024ರ ಮೇ ತಿಂಗಳಲ್ಲಿ ಮೈಸೂರಿನ ಯರಗನಹಳ್ಳಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿ ಬದುಕುತ್ತಿದ್ದ ಒಂದೇ ಮನೆಯ ನಾಲ್ವರು ತೀರಿಹೋದದ್ದು ಸಿಲಿಂಡರ್ ಸೋರಿಕೆಯಿಂದ ಎಂದು ವರದಿಯಾಗಿತ್ತು. ಮನೆಗೆ ಸರಿಯಾಗಿ ಗಾಳಿಯಾಡುವ ವ್ಯವಸ್ಥೆ ಇರಲಿಲ್ಲ. 2025ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆ ಹೋದ ಅಕ್ಕ ತಂಗಿ ಇಬ್ಬರೂ ಗ್ಯಾಸ್ ಗೀಸರಿನ ಅನಿಲಕ್ಕೆ ಬಲಿಯಾದರು. ನಮ್ಮ ಸಮುದಾಯದ ಮಕ್ಕಳೇ. ಇನ್ನಾಲಿಲ್ಲಾಹಿ ಎಂದು ಪತ್ರಿಕೆ ಮಡಚಿಟ್ಟವರಲ್ಲಿ ನಾನೂ ಒಬ್ಬ.

ಇನ್ನೊಂದು, ಏನೂ ಸೋರದೆ, ಎಲ್ಲ ‘ಸರಿಯಾಗಿ’ ಉರಿಯುತ್ತಿರುವಾಗಲೇ ಆಗುವ ಅಪಾಯ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲಿಕ್ಕೆ ಸುಮಾರು 12 ಘನ ಮೀಟರ್ ಗಾಳಿ ಬೇಕು. ನಿಮಿಷಕ್ಕೆ ಆರು ಲೀಟರ್ ನೀರು ಕೊಡುವ ಸಾಮಾನ್ಯ ಗೀಸರ್ ಕಾಲು ಗಂಟೆಯಲ್ಲಿ ಹೆಚ್ಚುಕಡಿಮೆ 200 ಗ್ರಾಂ ಉರಿಸುತ್ತದೆ. ಎಂದರೆ ಎರಡೂವರೆ ಘನ ಮೀಟರಿಗೆ ಹತ್ತಿರದ ಗಾಳಿ. ತಂಗಿಯ ಮನೆಯ ಬಚ್ಚಲಿನಲ್ಲಿ ಇರುವುದೇ ಏಳು ಘನ ಮೀಟರಿನೊಳಗೆ. ಹೊರಗಿನಿಂದ ಗಾಳಿ ಬರದಿದ್ದರೆ ಕಾಲು ಗಂಟೆಯಲ್ಲಿ ಒಳಗಿನ ಆಮ್ಲಜನಕದ ಮೂರನೇ ಒಂದು ಪಾಲು ಖಾಲಿ. ಅಷ್ಟು ಕೂಡ ಬೇಡ. 21 ಶೇಕಡ ಇರುವ ಆಮ್ಲಜನಕ 18ರ ಹತ್ತಿರ ಇಳಿದರೆ ಸಾಕು, ಬೆಂಕಿ ಅರ್ಧಂಬರ್ಧ ಉರಿಯಲು ಶುರುವಾಗಿ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗುತ್ತದೆ. ಇದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ಬಾಣಂತಿ ಸ್ನಾನ ಅಂದರೆ ಕಾಲು ಗಂಟೆಯಲ್ಲಿ ಮುಗಿಯುವುದೂ ಅಲ್ಲವಲ್ಲ!

ಊರಲ್ಲಿ ನಮ್ಮ ಹಳೇ ಮನೆಯ ಬಚ್ಚಲು ನೆನಪಾಯಿತು. ಮನೆಯಿಂದ ಸ್ವಲ್ಪ ಆಚೆ, ಹಂಚಿನ ಮಾಡು, ತಾಮ್ರದ ಹಂಡೆ, ಅಡಿಯಲ್ಲಿ ತೆಂಗಿನ ಮಡಲು, ಸಿಪ್ಪೆ. ಹೊಗೆ ಹಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಹೋಗದೆ ಒಳಗೆ ತುಂಬಿದರೆ ಕಣ್ಣುರಿ ತಾಳದೆ ನಾವೇ ಹೊರಗೆ ಓಡುತ್ತಿದ್ದೆವು. ಆ ಬೆಂಕಿಯೂ ಅದೇ ವಿಷ ಉಗುಳುತ್ತಿತ್ತು, ಆದರೆ ಹೊಗೆ ಮೊದಲೇ ಬೈದು ಹೊರಗೆ ಅಟ್ಟುತ್ತಿತ್ತು.

ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ಒಮ್ಮೆ ಅಂಟಿದರೆ ಬರೀ ಗಾಳಿ ಉಸಿರಾಡಿ ಅದರಲ್ಲಿ ಅರ್ಧ ಬಿಡಲಿಕ್ಕೇ ನಾಲ್ಕೈದು ಗಂಟೆ ಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿಗೆ ಹಿಮೋಗ್ಲೋಬಿನ್ನಿನಲ್ಲಿ ಕೂತಿರುವುದು ಆಮ್ಲಜನಕವೋ ಈ ವಿಷವೋ ಗೊತ್ತಾಗುವುದಿಲ್ಲ. ಹಾಗಾಗಿ 98 ಕಂಡರೂ ನಂಬುವ ಹಾಗಿಲ್ಲ. ತಲೆನೋವು, ತಲೆತಿರುಗು, ವಾಕರಿಕೆ, ಕಾಲು ಸೋಲುವುದು, ಹೊರಗೆ ಬಂದು ಸ್ವಲ್ಪ ಹೊತ್ತಿನಲ್ಲಿ ಹಗುರಾಗುವುದು: ಇದೇ ಗುರುತು. ಬಾಣಂತಿಯರಲ್ಲಿ ಇದು ನಿಶ್ಶಕ್ತಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಬಸುರಿಯಾದರೆ ಹೊಟ್ಟೆಯ ಮಗುವಿಗೆ ತಾಯಿಗಿಂತ ಹೆಚ್ಚು ಪೆಟ್ಟು.

ನಮ್ಮ ಹುಡುಗಿಗೆ ಆಗಿದ್ದು ಅದೇ ಎಂದು ರಕ್ತ ಪರೀಕ್ಷೆ ಮಾಡಿಸಿ ಖಚಿತ ಮಾಡಿದವರಿಲ್ಲ. ಮೂರು ದಿನ ಅಡುಗೆಮನೆಯಲ್ಲಿ ನೀರು ಕಾಯಿಸಿ ಬಕೆಟಿನಲ್ಲಿ ಕೊಟ್ಟೆವು. ಮೂರೂ ದಿನ ತಲೆ ತಿರುಗಲಿಲ್ಲ. ಡಾಕ್ಟರಿಗೂ ಹೇಳಿದೆವು.

ಗೀಸರ್ ಹಾಕಿದ ಹುಡುಗನನ್ನು ಕರೆಸಿದೆವು. “ಏನೂ ಆಗಲ್ಲ ಸಾರ್, ಎಲ್ರೂ ಹಿಂಗೇ ಹಾಕಿಸ್ಕೊಂಡವ್ರೆ” ಎಂದ. ಪೆಟ್ಟಿಗೆಯಲ್ಲಿದ್ದ ಕೈಪಿಡಿ ತೆಗೆದು ಓದಿದರೆ ಸ್ನಾನದ ಕೋಣೆಯೊಳಗೆ ಹಾಕಬಾರದು ಎಂದು ಅದರಲ್ಲೇ ಇತ್ತು. ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲೂ ಇದು ಇರುತ್ತದೆ. ಓದುವವರಿಲ್ಲ ಅಷ್ಟೆ. ಹುಡುಗನನ್ನು ಬೈದು ಪ್ರಯೋಜನವಿಲ್ಲ, ಬಚ್ಚಲಿನೊಳಗೇ ಹಾಕು ಎಂದದ್ದು ನಮ್ಮವರೇ.

ಸರಿಯಾದ ಜಾಗ ಒಂದೇ: ಬಚ್ಚಲಿನ ಹೊರಗೆ, ಮಳೆ ನೀರು ಬೀಳದ, ಆದರೆ ಗಾಳಿ ಆಡುವ ಗೋಡೆ. ಬಿಸಿ ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಹೊರಗೆ ಅಂದರೂ ಮಲಗುವ ಕೋಣೆಯ ಕಿಟಕಿಯ ಅಡಿಗೆ ಬೇಡ, ಬಿಸಿಯಾದ ಕೆಟ್ಟ ಗಾಳಿ ಮೇಲೇರಿ ನೇರ ಒಳಗೆ ಬರುತ್ತದೆ. ಮಂಗಳೂರಿನ ಫ್ಲಾಟುಗಳಲ್ಲಿ ಇನ್ನೊಂದು ಸಮಸ್ಯೆ. ‘ಹೊರಗೆ’ ಎಂದು ಬಚ್ಚಲುಗಳ ಹಿಂದಿನ ಇಕ್ಕಟ್ಟು ಡಕ್ಟಿನಲ್ಲಿ ತೂಗುಹಾಕುತ್ತಾರೆ. ನಿಮ್ಮ ಗೀಸರಿನ ಗಾಳಿ ಮೇಲಿನ ಮನೆಯವರ ವೆಂಟಿಲೇಟರಿನಲ್ಲಿ ಒಳನುಗ್ಗುತ್ತದೆ. ಹೊಗೆ ಕೊಳವೆ ಇರುವ ಮಾದರಿಯಾದರೆ ಕೊಳವೆ ಬಯಲಿಗೇ ತೆರೆಯಬೇಕು. ನಮ್ಮಲ್ಲಿ ಅಗ್ಗಕ್ಕೆ ಸಿಗುವ ಸಣ್ಣ ಗೀಸರುಗಳಿಗೆ ಸಾಮಾನ್ಯವಾಗಿ ಕೊಳವೆಯೇ ಇರುವುದಿಲ್ಲ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆ ಐಎಸ್ 15558 ಎಂಬ ಸಂಖ್ಯೆ ಇದೆಯೇ ನೋಡಿ.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಕಲ್ವಾ ಎಂದು ಭಾವ ಕೇಳಿದರು. ಕೆಳಗಿನಿಂದ ಹೊಸ ಗಾಳಿ ಬರದಿದ್ದರೆ ಫ್ಯಾನ್ ಎಳೆಯುವುದಾದರೂ ಎಲ್ಲಿಂದ? ಅದು ಹೊಗೆ ಕೊಳವೆಯಿಂದಲೇ ಕೆಟ್ಟ ಗಾಳಿಯನ್ನು ವಾಪಸು ಒಳಗೆ ಎಳೆಯುವುದೂ ಉಂಟು. ಗಾಳಿಗೆ ಎರಡು ದಾರಿ ಬೇಕು, ಸೂರಿನ ಹತ್ತಿರ ಒಂದು, ನೆಲದ ಹತ್ತಿರ ಒಂದು. ಅಮೆರಿಕದ ನಿಯಮದಲ್ಲಿ ಇಂಥ ಇಕ್ಕಟ್ಟು ಜಾಗಕ್ಕೆ ಮನೆಯೊಳಗಿನ ಗಾಳಿ ತೆಗೆದುಕೊಳ್ಳುವುದಾದರೆ ಪ್ರತಿಯೊಂದೂ ಕನಿಷ್ಠ 100 ಚದರ ಇಂಚು, ಅಂದರೆ 10 ಇಂಚಿಗೆ 10 ಇಂಚು. ನಮ್ಮ ಬಚ್ಚಲಿನ ಬಾಗಿಲಡಿಯ ಸಂದಿ ಅದರ ಕಾಲು ಭಾಗವೂ ಆಗಲಿಕ್ಕಿಲ್ಲ. ಹಾಗಂತ ಎರಡು ತೂತು ಕೊರೆಸಿ ಗೀಸರನ್ನು ಒಳಗೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಮುಂದಿನ ಚಳಿಗಾಲದಲ್ಲಿ ಯಾರಾದರೂ ಮತ್ತೆ ಫ್ಲೆಕ್ಸ್ ತುರುಕುತ್ತಾರೆ.

ಹೊರಗೆ ಸಾಗಿಸುವವರೆಗೆ ಏನು ಮಾಡುವುದು? ಬಾಗಿಲು ವೆಂಟಿಲೇಟರ್ ಎರಡನ್ನೂ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಸ್ವಲ್ಪ ಗಾಳಿಯಾಡಿದ ಮೇಲೆ ಸ್ನಾನ. ಬೆಂಕಿ ಉರಿಯುತ್ತಿರುವಾಗ ಯಾರೂ ಒಳಗೆ ಚಿಲಕ ಹಾಕಿಕೊಳ್ಳಬಾರದು. ಶುಕ್ರವಾರ ಜುಮಾಕ್ಕೆ ಮೊದಲು ಮನೆಯ ಏಳೆಂಟು ಜನ ಒಬ್ಬರ ಹಿಂದೆ ಒಬ್ಬರು ಮೀಯುತ್ತಾರಲ್ಲ, ಆಗ ಕೊನೆಗೆ ಹೋಗುವವರಿಗೇ ಅಪಾಯ ಹೆಚ್ಚು. ಹೆಚ್ಚಿನ ಮನೆಗಳಲ್ಲಿ ಅದು ಉಮ್ಮ. ಫಜರಿಗೆ ಮೊದಲು ಒಬ್ಬರೇ ಎದ್ದು ಮೀಯಲು ಹೋಗುವವರು ಮನೆಯಲ್ಲಿ ಒಬ್ಬರನ್ನಾದರೂ ಎಬ್ಬಿಸಿ ಹೇಳಿ ಹೋಗಲಿ. ಜ್ವಾಲೆ ನೀಲಿ ಬಿಟ್ಟು ಹಳದಿಯಾದರೆ ಆ ದಿನವೇ ಬಂದ್ ಮಾಡಿ ರಿಪೇರಿಗೆ ಕೊಡಿ. ನೀಲಿ ಇದ್ದರೂ ಮುಚ್ಚಿದ ಕೋಣೆ ಮುಚ್ಚಿದ ಕೋಣೆಯೇ.

ಬಾಣಂತಿ ಕೋಣೆಯದ್ದೂ ಇದೇ ಕಥೆ. ಕಿಟಕಿ ಮುಚ್ಚಿ ಕೆಂಡ ಇಟ್ಟು ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಹೊಗೆ ಹೋದರೂ ಕೆಂಡ ಅಲ್ಲೇ ಮೂಲೆಯಲ್ಲಿ ಇರುತ್ತದೆ. 2025ರ ನವೆಂಬರಿನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದ ಯುವಕರಲ್ಲಿ ಮೂವರು ಬೆಳಿಗ್ಗೆ ಏಳಲಿಲ್ಲ. ಸೌದಿ, ಕುವೈತ್‌ಗಳಲ್ಲಿರುವ ನಮ್ಮ ಮಕ್ಕಳಿಗೂ ಚಳಿಗಾಲದಲ್ಲಿ ಅಲ್ಲಿಯ ಸಿವಿಲ್ ಡಿಫೆನ್ಸ್‌ನವರು ಇದನ್ನೇ ಹೇಳುತ್ತಾರೆ. ಚಿಕ್ಕಮಗಳೂರು, ಮಡಿಕೇರಿ ಕಡೆಯವರು ಗಲ್ಫಿನಿಂದ ಗ್ಯಾಸ್ ರೂಮ್ ಹೀಟರ್ ತಂದಿದ್ದರೆ, ಆಮ್ಲಜನಕ ಕಡಿಮೆಯಾದಾಗ ತಾನೇ ಆರುವ ಸಾಧನ ಅದರಲ್ಲಿ ಇದೆಯೇ ನೋಡಿ. ಇದ್ದರೂ ಮಲಗುವ ಕೋಣೆಗೆ ಬೇಡ. ಹಾಲಿನಲ್ಲಿ ಕಿಟಕಿ ತೆರೆದಿಟ್ಟು ಬಳಸಿ, ನಿದ್ದೆಗೆ ಮೊದಲು ಆರಿಸಿ. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಕೊಳವೆಯಿಲ್ಲದ ಇಂಥ ಹೀಟರುಗಳನ್ನು ಮನೆಯೊಳಗೆ ಹಾಕುವುದೇ ನಿಷೇಧ. ಕರೆಂಟಿನ ಆಯಿಲ್ ಹೀಟರ್ ಕೋಣೆಯ ಗಾಳಿಯನ್ನು ತಿನ್ನುವುದಿಲ್ಲ.

ಆನ್‌ಲೈನಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಯಾರಾದರೂ ಬಚ್ಚಲಿನಲ್ಲಿ ಬಿದ್ದರೆ ಮೊದಲು ಬಾಗಿಲು ಒಡೆದು ಅವರನ್ನು ಹೊರಗಿನ ಗಾಳಿಗೆ ಎಳೆಯಿರಿ, ಉಸಿರು ಬಿಗಿಹಿಡಿದುಕೊಂಡೇ ಒಳಗೆ ಹೋಗಿ. ಗ್ಯಾಸ್ ವಾಸನೆ ಇದ್ದರೆ ಯಾವ ಸ್ವಿಚ್ಚೂ ಮುಟ್ಟಬೇಡಿ. 108ಕ್ಕೆ ಫೋನ್ ಹೊರಗೆ ಬಂದ ಮೇಲೆ. ಗ್ಯಾಸ್ ಗೀಸರ್ ಉರಿಯುತ್ತಿತ್ತು ಎಂದು ಡಾಕ್ಟರಿಗೆ ತಪ್ಪದೆ ಹೇಳಿ, ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ವಿಷ ಗಂಟೆ ಒಂದೂವರೆ ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಬರೀ ಸೋರಿಕೆಯಾದರೆ 1906 ದಿನವಿಡೀ ಇರುವ ನಂಬರ್.

ತಗಡೂರಿನ ಗೀಸರ್ ಈಗ ಹಿತ್ತಿಲ ಗೋಡೆಯಲ್ಲಿದೆ. ಅರ್ಧ ದಿನದ ಕೆಲಸ, ಹನ್ನೆರಡು ಅಡಿ ಪೈಪ್, ಮೇಲೊಂದು ತಗಡಿನ ಮಾಡು. ಬಿಸಿ ನೀರು ಬರಲು ಮೊದಲಿಗಿಂತ ಒಂದು ಚೊಂಬು ತಣ್ಣೀರು ಹೆಚ್ಚು ಬಿಡಬೇಕಾಗುತ್ತದೆ ಎಂದು ಉಮ್ಮ ಫೋನಿನಲ್ಲಿ ಈಗಲೂ ದೂರುತ್ತಾರೆ.