ಅಣ್ಣಾವ್ರು ಎದ್ದು ಹೋದರು... ಅಮ್ಮ ಉಂಡದ್ದು ಯಾವಾಗ?

‘ಬಂಗಾರದ ಮನುಷ್ಯ’ ನೋಡದ ಕನ್ನಡಿಗ ಉಂಟೇ? 1972ರ ಚಿತ್ರ. ಟಿ.ಕೆ. ರಾಮರಾವ್ ಕಾದಂಬರಿ, ಸಿದ್ದಲಿಂಗಯ್ಯನವರ ನಿರ್ದೇಶನ, ನಮ್ಮ ಅಣ್ಣಾವ್ರ ಅಭಿನಯ. ಮಿಕ್ಕದ್ದೆಲ್ಲಾ ನಿಮಗೇ ಬಾಯಿಪಾಠ! ಅಕ್ಕನ ಸಂಸಾರಕ್ಕಾಗಿ ಮಣ್ಣಲ್ಲಿ ಮಣ್ಣಾಗಿ ದುಡಿದ ರಾಜೀವ ಊಟಕ್ಕೆ ಕೂತಿದ್ದಾನೆ. ಅಕ್ಕನ ಮಗ ವಜ್ರಮುನಿ ಅನ್ನದ ಹಂಗು ಎತ್ತಿ ಆಡಿಬಿಡ್ತಾನೆ. ಅಷ್ಟೇ! ರಾಜೀವ ಮನೆ ಬಿಟ್ಟು ನಡೆದ.

ನಮ್ಮೂರ ಟೆಂಟಿನಲ್ಲಿ ಆ ದೃಶ್ಯಕ್ಕೆ ಮೀಸೆ ಹೊತ್ತ ಗಂಡಸರೂ ಕಣ್ಣೊರೆಸಿಕೊಂಡದ್ದನ್ನು ಕಂಡಿದ್ದೇನೆ. ನಾನೇನು ಕಮ್ಮಿಯೇ? ಸೆಕೆಂಡ್ ಷೋ ಮುಗಿಸಿ, ಮೂಗು ಕೆಂಪು ಮಾಡಿಕೊಂಡು ಮನೆ ಸೇರಿದಾಗ ರಾತ್ರಿ ಒಂದು ಗಂಟೆ. ಬಾಗಿಲು ತೆಗೆದವಳು ಅಮ್ಮ. “ಕೈಕಾಲು ತೊಳ್ಕೋ, ಸಾರು ಬಿಸಿ ಮಾಡ್ತೀನಿ” ಅಂದಳು. ಉಣ್ಣುತ್ತಾ ಪೂರಾ ಕಥೆ ಹೇಳಿದೆ. ಅವಳೂ ಸೆರಗಿನಿಂದ ಕಣ್ಣೊತ್ತಿಕೊಂಡಳು. ಕೈ ತೊಳೆದು ಬಂದು ನೋಡ್ತೀನಿ, ಒಲೆ ಪಕ್ಕ ಕೂತು ತಳದ ಅನ್ನ ಕಲಸ್ತಾ ಇದ್ದಾಳೆ!

“ಇನ್ನೂ ಉಂಡಿಲ್ವೇನಮ್ಮಾ?”

“ನೀನು ಬರಲಿ ಅಂತಿದ್ದೆ ಕಣೋ.”

ಪರದೆ ಮೇಲಿನ ಊಟಕ್ಕೆ ಅತ್ತ ಹೀರೋಗೆ ಅಡುಗೆಮನೆಯ ಊಟ ಅಲ್ಲಿವರೆಗೆ ಕಂಡೇ ಇರಲಿಲ್ಲ. ಅಪ್ಪನಿಗೆ ಮೊದಲ ಎಲೆ, ಆಮೇಲೆ ಗಂಡುಮಕ್ಕಳು, ಉಳಿದರೆ ಹೆಂಗಸರಿಗೆ... ನಮ್ಮದೊಂದೇ ಮನೆ ಅಲ್ಲ ಸ್ವಾಮಿ! ಕಂಡ ಮೇಲಾದರೂ ನಾನೇನು ಮಾಡಿದೆ? ಏನೂ ಇಲ್ಲ. ನನ್ನ ಮದುವೆಯಾದ ಮೇಲೆ ಹೆಂಡತಿಯೂ ಹೋಗಿ ಅಮ್ಮನ ಪಕ್ಕ ಕೂತಳು. ಅಷ್ಟೇ ಬದಲಾವಣೆ.

2021ರಲ್ಲಿ ಮಲಯಾಳಂನ ಜಿಯೋ ಬೇಬಿ ‘ದಿ ಗ್ರೇಟ್ ಇಂಡಿಯನ್ ಕಿಚನ್’ ತೆಗೆದರು. ಫೈಟಿಲ್ಲ, ಡಿಶುಂ ಡಿಶುಂ ಇಲ್ಲ. ಗಂಡ, ಮಾವ ಉಂಡು ಎದ್ದ ಮೇಜಿನ ಮೇಲೆ ಜಗಿದು ಬಿಸಾಕಿದ ಸಿಪ್ಪೆ. ಅದರ ಮುಂದೆಯೇ ಹೆಂಗಸರ ಊಟ. ವಜ್ರಮುನಿಯ ಗುಡುಗಿಗೂ ನಡುಗದ ನಾನು ಆ ಸಿಪ್ಪೆ ನೋಡಿ ತಲೆ ತಗ್ಗಿಸಿದೆ.

ಈಗ ನಮ್ಮನೆಗೂ ಡೈನಿಂಗ್ ಟೇಬಲ್ ಬಂದಿದೆ. ಅರ್ಧಕ್ಕೆ ಇಸ್ತ್ರಿ ಬಟ್ಟೆ, ಇನ್ನರ್ಧಕ್ಕೆ ಮೊಬೈಲ್ ಚಾರ್ಜರ್! ಸೊಸೆ ಡ್ಯೂಟಿ ಮುಗಿಸಿ ಬರೋದು ರಾತ್ರಿ ಹತ್ತಕ್ಕೆ. ಮೊನ್ನೆ ಮಗನೇ ಸಾರು ಬಿಸಿ ಮಾಡಿ ಅವಳಿಗೆ ಬಡಿಸಿದ. ಎಂಬತ್ತು ದಾಟಿದ ಅಮ್ಮ “ಗಂಡಸು ಒಲೆ ಮುಂದೆ!” ಅಂತ ಗೊಣಗಿದಳು. ಸೊಸೆ ನಕ್ಕು, ಇನ್ನೊಂದು ತಟ್ಟೆ ಇಟ್ಟು, “ಅಜ್ಜಿ, ನೀವೂ ಬನ್ನಿ” ಅಂದಳು.

“ನಂದೇನು ಅವಸರ? ಎಲ್ಲಾರ್ದೂ ಆಗ್ಲಿ.”

ನನ್ನ ಹೆಂಡತಿ ನನ್ನ ಮುಖ ನೋಡಿದಳು.