ಉದ್ಯಾನ, ಕೆರೆಯಂಗಳ ಮತ್ತು ವರ್ತಕ: ಅನುಮತಿ ಕೊಡುವವರಿಗೆ ಅಧಿಕಾರವೆಷ್ಟು?

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಕೆಂಪಾಂಬುಧಿ ಕೆರೆಯು ಶ್ರೀನಗರ, ಹನುಮಂತನಗರ ಮತ್ತು ಗವಿಪುರಗಳ ಮಗ್ಗುಲಲ್ಲಿ ಇಂದಿಗೂ ಉಳಿದುಕೊಂಡಿದೆ. ಅದರ ಸಮಕಾಲೀನವಾದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಒಂದು ಕಾಲದಲ್ಲಿ ಕೆರೆ ಬತ್ತಿದರೆ ಅಥವಾ ಮೈದಾನ ಖಾಲಿ ಕಂಡರೆ ಅದನ್ನು ಬೇರೆ ಕೆಲಸಕ್ಕೆ ತಿರುಗಿಸಿಕೊಳ್ಳುವುದು ಆಡಳಿತಕ್ಕೆ ಕಷ್ಟವಾಗಿರಲಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಕಾನೂನು ಮತ್ತು ನ್ಯಾಯಾಲಯಗಳು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿವೆ. ಆದರೂ ಉದ್ಯಾನದೊಳಗೆ ಕ್ಯಾಂಟೀನು, ಕೆರೆಯಲ್ಲಿ ದೋಣಿವಿಹಾರ, ಆಟದ ಮೈದಾನದಲ್ಲಿ ಮಾರಾಟ ಮೇಳ, ರಾಜಕಾಲುವೆಯ ಪಕ್ಕದಲ್ಲಿ ಅಗ್ಗದ ಶೆಡ್ಡು ಎಂದು ಯಾರಾದರೂ ಕೊಡಮಾಡಿದಾಗ ನಮ್ಮ ವರ್ತಕ ಬಂಧುಗಳು ಕೇಳುವುದು ಬಾಡಿಗೆ ಎಷ್ಟು, ಮುಂಗಡ ಎಷ್ಟು ಎಂಬುದನ್ನು ಮಾತ್ರ. ಕೊಡುವವರಿಗೆ ಕೊಡುವ ಅಧಿಕಾರ ಉಂಟೇ ಎಂದು ಕೇಳುವವರು ವಿರಳ. ಅನುಮತಿ ರದ್ದಾದಾಗ ಸಹಿ ಮಾಡಿದ ಅಧಿಕಾರಿಗೆ ವರ್ಗಾವಣೆಯಾಗಿರುತ್ತದೆ. ಬಂಡವಾಳ ಹೂಡಿದವನು ಅಲ್ಲಿಯೇ ಉಳಿದಿರುತ್ತಾನೆ.

ಹೊಣೆ ಯಾರದು?

ಸಂವಿಧಾನಕ್ಕೆ 1992ರಲ್ಲಿ ತಂದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ಉದ್ಯಾನ, ತೋಟ ಮತ್ತು ಆಟದ ಮೈದಾನಗಳಂತಹ ನಗರ ಸೌಕರ್ಯಗಳನ್ನು ಒದಗಿಸುವುದು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳಲ್ಲಿ ಒಂದೆಂದು ಅದರಲ್ಲಿ ಹೇಳಲಾಗಿದೆ. ಬೆಂಗಳೂರಿನಲ್ಲಿ ಈ ಹೊಣೆಯನ್ನು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ನಿರ್ವಹಿಸುತ್ತಿತ್ತು. ಅದರ ಚುನಾಯಿತ ಮಂಡಳಿಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಆಡಳಿತಾಧಿಕಾರಿಗಳೇ ಎಲ್ಲವನ್ನೂ ನೋಡಿಕೊಂಡರು. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024ರ ಅನ್ವಯ 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಆದ್ದರಿಂದ ಹಳೆಯ ಪಾಲಿಕೆಯ ಮುದ್ರೆಯುಳ್ಳ ಅನುಮತಿ ಪತ್ರವನ್ನು ಹೊಂದಿರುವ ಸದಸ್ಯರು, ತಮ್ಮ ವಾರ್ಡು ಈಗ ಯಾವ ಪಾಲಿಕೆಗೆ ಸೇರಿದೆ, ತಮ್ಮ ಕಡತ ಯಾವ ಕಚೇರಿಗೆ ಹೋಗಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಉದ್ಯಾನದ ವಿಷಯ ಒಂದೇ ಕಚೇರಿಯಲ್ಲಿ ತೀರಬಹುದು, ಕೆರೆಯದು ಹಾಗಲ್ಲ. ಕೆಂಪಾಂಬುಧಿಯಂತಹ ಕೆರೆಯ ದಂಡೆ, ಬೇಲಿ ಮತ್ತು ನಡಿಗೆದಾರಿಗಳು ಪಾಲಿಕೆಯ ಕೆರೆ ವಿಭಾಗದ ವ್ಯಾಪ್ತಿಗೆ ಬರುತ್ತವೆ. ಕೆರೆಗೆ ಸೇರುವ ಒಳಚರಂಡಿ ನೀರನ್ನು ತಡೆಯಬೇಕಾದದ್ದು ಬೆಂಗಳೂರು ಜಲಮಂಡಳಿ. ಮಳೆನೀರಿನ ರಾಜಕಾಲುವೆಗೆ ಬೇರೆಯೇ ಎಂಜಿನಿಯರುಗಳಿದ್ದಾರೆ. ಕೆರೆಯ ಗಡಿಯನ್ನು ಅಳೆದು ಒತ್ತುವರಿಯನ್ನು ಗುರುತಿಸುವುದು ಕಂದಾಯ ಇಲಾಖೆಯ ಭೂಮಾಪಕರ ಕೆಲಸ. ಕಾರ್ಖಾನೆಯ ತ್ಯಾಜ್ಯ ನೀರಿನ ಮೇಲೆ 1974ರ ಜಲ ಕಾಯ್ದೆಯಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಣ್ಣಿದೆ. ಇವೆಲ್ಲದರ ಮೇಲೆ, 2002ರಲ್ಲಿ ಸ್ಥಾಪಿತವಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ರೂಪಾಂತರಗಳನ್ನು ಹೊಂದಿ, ಅದರ ಕೆಲಸ 2018ರಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿತು. ಇಷ್ಟು ಮಂದಿ ಕಾವಲುಗಾರರಿದ್ದೂ ಕೆಂಪಾಂಬುಧಿಗೆ ಕೊಳಚೆ ನೀರು ಸೇರುವ ದೂರು ದಶಕಗಳಿಂದ ಕೇಳಿಬರುತ್ತಿದೆ ಎಂಬುದು ಬೇರೆ ಮಾತು. ವರ್ತಕನ ದೃಷ್ಟಿಯಿಂದ ಮುಖ್ಯವಾದದ್ದು ಇಷ್ಟೆ: ಇವರಲ್ಲಿ ಒಬ್ಬರು ಕೊಟ್ಟ ಒಪ್ಪಿಗೆಯು ಉಳಿದವರನ್ನು ಕಟ್ಟಿಹಾಕುವುದಿಲ್ಲ.

ನಕ್ಷೆಯಲ್ಲಿನ ಹಸಿರು ಬಣ್ಣ

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ, 1976ರ 16ನೆಯ ಪ್ರಕರಣದಂತೆ ಬಿಡಿಎ ಯೋಜನೆಯ ಬಡಾವಣೆಯಲ್ಲಿ ಕನಿಷ್ಠ ಶೇಕಡಾ 15ರಷ್ಟು ವಿಸ್ತೀರ್ಣವನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೂ, ಹೆಚ್ಚುವರಿಯಾಗಿ ಕನಿಷ್ಠ ಶೇಕಡಾ 10ರಷ್ಟನ್ನು ನಾಗರಿಕ ಸೌಕರ್ಯಗಳಿಗೂ ಕಾದಿರಿಸಬೇಕು. ಈ ಎರಡು ಬಾಬುಗಳ ವ್ಯತ್ಯಾಸವನ್ನು ನಮ್ಮವರು ಅನೇಕ ವೇಳೆ ಗಮನಿಸುವುದಿಲ್ಲ. ನಾಗರಿಕ ಸೌಕರ್ಯ ನಿವೇಶನವನ್ನು, ಅಂದರೆ ಆಡುಮಾತಿನ ‘ಸಿಎ ಸೈಟ’ನ್ನು, ನಿಯಮಾನುಸಾರ ಶಾಲೆಗೋ ಆಸ್ಪತ್ರೆಗೋ ಗುತ್ತಿಗೆ ಕೊಡಲು ಅವಕಾಶವಿದೆ. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಕೊಡುವಂತಿಲ್ಲ. ಅದೇ ಅಧಿನಿಯಮದ 38-ಎ ಪ್ರಕರಣವು, ಉದ್ಯಾನ, ಮೈದಾನ ಮತ್ತು ನಾಗರಿಕ ಸೌಕರ್ಯಗಳಿಗೆ ಮೀಸಲಾದ ಜಾಗವನ್ನು ಪ್ರಾಧಿಕಾರವು ಬೇರೆ ಉದ್ದೇಶಕ್ಕೆ ಮಾರಿದರೆ ಅಥವಾ ವಿಲೇವಾರಿ ಮಾಡಿದರೆ ಆ ವ್ಯವಹಾರವೇ ಶೂನ್ಯವೆಂದು ಸಾರುತ್ತದೆ. ಇದಲ್ಲದೆ ಉದ್ಯಾನವನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗಾಗಿ 1985ರ ಪ್ರತ್ಯೇಕ ರಾಜ್ಯ ಅಧಿನಿಯಮವಿದೆ. ಸ್ಥಳೀಯ ಸಂಸ್ಥೆಯು ಇಂತಹ ಜಾಗಗಳ ಪಟ್ಟಿ ತಯಾರಿಸಬೇಕು, ಪಟ್ಟಿಗೆ ಸೇರಿದ ಜಾಗವನ್ನು ಪೂರ್ವಾನುಮತಿಯಿಲ್ಲದೆ ಅನ್ಯ ಉದ್ದೇಶಕ್ಕೆ ಬಳಸಬಾರದು ಎಂಬುದು ಅದರ ತಿರುಳು. ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನಗಳಿಗೆ 1975ರ ಸರ್ಕಾರಿ ಉದ್ಯಾನವನಗಳ ಅಧಿನಿಯಮ ಬೇರೆ ಇದೆ.

ಈ ಕಾನೂನು ಕಾಗದದ ಮೇಲಿನದಲ್ಲ ಎಂಬುದಕ್ಕೆ ನಮ್ಮ ನಗರದ ಮೊಕದ್ದಮೆಯೇ ಸಾಕ್ಷಿ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಸರ್ಕಾರದ ಆದೇಶದ ಮೇಲೆ ಖಾಸಗಿ ಟ್ರಸ್ಟೊಂದಕ್ಕೆ ಆಸ್ಪತ್ರೆ ಕಟ್ಟಲು ಮಂಜೂರು ಮಾಡಲಾಗಿತ್ತು. ನೆರೆಹೊರೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ಸಾರ್ವಜನಿಕ ಹಿತದ ಕೆಲಸವೇ ಅಲ್ಲವೇ ಎಂಬ ವಾದ ನಿಲ್ಲಲಿಲ್ಲ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಮಂಜೂರಾತಿ ರದ್ದಾದದ್ದನ್ನು ಎತ್ತಿಹಿಡಿಯಿತು. ಸರ್ಕಾರವೇ ಮುಂದೆ ನಿಂತು ಕೊಟ್ಟ ಜಾಗ ಉಳಿಯಲಿಲ್ಲವೆಂದ ಮೇಲೆ ವಾರ್ಡು ಮಟ್ಟದ ಮೌಖಿಕ ಭರವಸೆಯ ಬೆಲೆ ಎಷ್ಟೆಂದು ಓದುಗರೇ ಅಂದಾಜಿಸಬಹುದು.

ವ್ಯಾಪಾರಿಗಳಿಗೆ ಇನ್ನೂ ಹತ್ತಿರದ ಉದಾಹರಣೆ ಲಖನೌ ನಗರದ್ದು. ಅಲ್ಲಿನ ಅಮೀನಾಬಾದ್ ಪೇಟೆಯಲ್ಲಿ, ನಮ್ಮ ಗಾಂಧಿಬಜಾರಿನಂತೆ ಸದಾ ಜನನಿಬಿಡವಾದ ಜಾಗದಲ್ಲಿ, ಝಂಡೇವಾಲಾ ಉದ್ಯಾನವಿದೆ. 1993ರಲ್ಲಿ ಅಲ್ಲಿನ ಮಹಾಪಾಲಿಕೆಯು ಆ ಉದ್ಯಾನದ ಅಡಿಯಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಲು ಒಬ್ಬ ಬಿಲ್ಡರಿಗೆ ಒಪ್ಪಂದ ಮಾಡಿಕೊಟ್ಟಿತು. ಟೆಂಡರ್ ಕರೆದಿರಲಿಲ್ಲ. ಮೇಲೆ ಹುಲ್ಲು, ಕೆಳಗೆ ಅಂಗಡಿ. ಉದ್ಯಾನಕ್ಕೂ ನಷ್ಟವಿಲ್ಲ, ಊರಿಗೂ ಲಾಭ ಎಂಬ ಲೆಕ್ಕಾಚಾರ ಕೇಳಲು ಸೊಗಸಾಗಿತ್ತು. 1999ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಂದವನ್ನು ಅಸಿಂಧುವೆಂದು ಹೇಳಿ, ಕಟ್ಟಿದ್ದನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಸ್ಥಳೀಯ ಸಂಸ್ಥೆಯು ಇಂತಹ ಜಾಗಕ್ಕೆ ನ್ಯಾಸಧಾರಿ ಮಾತ್ರ, ಒಡೆಯನಲ್ಲ ಎಂಬ ಸಾರ್ವಜನಿಕ ನ್ಯಾಸದ ತತ್ತ್ವವೇ ಆ ತೀರ್ಪಿನ ಆಧಾರ. ಹಣ ಹಾಕಿದವರ ನಷ್ಟವು ಕೆಡವದಿರಲು ಕಾರಣವಾಗಲಿಲ್ಲ.

ದಡಕ್ಕೆ ಬೀಗ, ದಡಕ್ಕೆ ಟಿಕೆಟ್

ಕೆರೆಗಳ ಕಥೆಯೂ ಇದೇ ಹಾದಿಯದು. 2000ರ ದಶಕದ ಮಧ್ಯಭಾಗದಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರವು ಹೆಬ್ಬಾಳ, ನಾಗವಾರ, ವೆಂಗಯ್ಯನಕೆರೆ ಹಾಗೂ ದಕ್ಷಿಣ ಭಾಗದ ಅಗರ ಕೆರೆಗಳನ್ನು ಹದಿನೈದು ವರ್ಷಗಳ ಅವಧಿಗೆ ಖಾಸಗಿ ಸಂಸ್ಥೆಗಳಿಗೆ ಗುತ್ತಿಗೆ ಕೊಡುವ ಯೋಜನೆ ಕೈಗೊಂಡಿತು. ಸರ್ಕಾರದ ಬಳಿ ಹಣವಿಲ್ಲ, ಖಾಸಗಿಯವರು ಹೂಳೆತ್ತಿ ದೋಣಿ, ಉಪಾಹಾರಗೃಹಗಳಿಂದ ಗಳಿಸಿಕೊಳ್ಳಲಿ ಎಂಬುದು ಆಗಿನ ತರ್ಕ. ಆ ತರ್ಕದಲ್ಲಿ ಹುರುಳೇ ಇರಲಿಲ್ಲವೆಂದು ಈ ಲೇಖಕ ಹೇಳಲಾರ. ಹೂಳೆತ್ತುವ ಖರ್ಚು ಸಣ್ಣದಲ್ಲ. ಆದರೆ ದಡಕ್ಕೆ ಟಿಕೆಟ್ ಬಂದೊಡನೆ, ಅದುವರೆಗೆ ಮೀನು ಹಿಡಿಯಲು, ಬಟ್ಟೆ ಒಗೆಯಲು, ದನಗಳಿಗೆ ನೀರು ಕುಡಿಸಲು ಬರುತ್ತಿದ್ದವರು ಹೊರಗುಳಿಯುವ ಪ್ರಶ್ನೆ ಎದ್ದಿತು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಸಂಸ್ಥೆಯು ರಾಜ್ಯ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಅನುಸರಿಸಿ ನ್ಯಾಯಾಲಯವು 2012ರ ಏಪ್ರಿಲಿನಲ್ಲಿ ಕೆರೆಗಳ ರಕ್ಷಣೆಗೆ ವಿಸ್ತೃತ ನಿರ್ದೇಶನಗಳನ್ನು ನೀಡಿತು. ಕೆರೆಗಳ ಖಾಸಗೀಕರಣದ ಆ ಯೋಜನೆ ಅಲ್ಲಿಗೆ ನಿಂತಿತು. 2020ರಲ್ಲಿ ಅದೇ ನ್ಯಾಯಾಲಯವು, ಕೆರೆ ಅಭಿವೃದ್ಧಿಗಾಗಿ ಕಾರ್ಪೊರೇಟ್ ಸಂಸ್ಥೆಗಳೊಡನೆ ಒಡಂಬಡಿಕೆ ಮಾಡಿಕೊಳ್ಳದಂತೆ ಪಾಲಿಕೆಯನ್ನು ತಡೆದದ್ದೂ ಉಂಟು. ಉದ್ಯಾನ ಅಥವಾ ಕೆರೆಯನ್ನು ‘ದತ್ತು’ ಪಡೆದು ಸಂಸ್ಥೆಯ ಹೆಸರಿನ ಫಲಕ ಹಾಕಿಸಬೇಕೆಂಬ ಸದುದ್ದೇಶವುಳ್ಳ ಸದಸ್ಯರು ಇದನ್ನು ನೆನಪಿನಲ್ಲಿಡಬೇಕು. ನಿರ್ವಹಣೆಗೆ ನೆರವಾಗುವುದು ಒಂದು. ಪ್ರವೇಶದ ಮೇಲೆ ಹಿಡಿತ ಪಡೆಯುವುದು ಇನ್ನೊಂದು.

ದಡದ ಮೇಲಿನ ಉಸ್ತುವಾರಿಯಿಂದ ವ್ಯಾಪಾರಕ್ಕೆ ಕೇಡೇ ಆಗಬೇಕೆಂದಿಲ್ಲ. ಪಾಲಿಕೆಯ ಉದ್ಯಾನಗಳಿಗೆ ಹಗಲಿನ ಬಹುಭಾಗ ಬೀಗ ಬೀಳುತ್ತಿದ್ದ ಪದ್ಧತಿಯನ್ನು ಬಿಟ್ಟು, ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ 2024ರಲ್ಲಿ ಪ್ರಕಟಿಸಲಾಯಿತು. ಉದ್ಯಾನದ ಗೇಟು ತೆರೆದಿದ್ದಷ್ಟು ಹೊತ್ತು ಎದುರಿನ ಕಾಂಡಿಮೆಂಟ್ಸ್ ಅಂಗಡಿಗೆ ಗಿರಾಕಿಗಳಿರುತ್ತಾರೆ ಎಂಬುದನ್ನು ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಸುತ್ತಮುತ್ತ ಅಂಗಡಿಯಿಟ್ಟವರಿಗೆ ಹೇಳಿಕೊಡಬೇಕಾಗಿಲ್ಲ. ಗೇಟಿನ ಹೊರಗೆ ತಳ್ಳುಗಾಡಿ ನಿಲ್ಲಿಸುವವರಿಗೆ ಬೀದಿಬದಿ ವ್ಯಾಪಾರಿಗಳ 2014ರ ಅಧಿನಿಯಮದ ಪ್ರಮಾಣಪತ್ರ ರಕ್ಷಣೆ ಕೊಡುತ್ತದೆ. ಗೇಟಿನ ಒಳಗೆ ಆ ಪತ್ರ ನಡೆಯುವುದಿಲ್ಲ. ಯಡಿಯೂರು ಕೆರೆಯ ಕಲ್ಯಾಣಿಯಲ್ಲಿ ಪ್ರತಿವರ್ಷ ಗಣೇಶ ವಿಸರ್ಜನೆ ನಡೆಯುವಾಗ ಯಾವ ಮೂರ್ತಿಯನ್ನು ನೀರಿಗೆ ಬಿಡಬಹುದು ಎಂಬ ನಿಯಮವು, ತಿಂಗಳುಗಳ ಮೊದಲೇ ಮಾವಳ್ಳಿಯ ಮೂರ್ತಿ ತಯಾರಕರ ಮಣ್ಣಿನ ಖರೀದಿಯನ್ನು ನಿರ್ಧರಿಸುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳ ದಾಸ್ತಾನು ಮಾಡಿ ಕೈಸುಟ್ಟುಕೊಂಡವರು ಈ ಮಾತನ್ನು ಒಪ್ಪುತ್ತಾರೆ.

ಕಾಲುವೆ ಪಕ್ಕದ ಶೆಡ್ಡು

ಸಣ್ಣ ಕೈಗಾರಿಕೆಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಇಲ್ಲಿ. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆ-2015 ಕೆರೆಯ ಅಂಚಿನಿಂದ 30 ಮೀಟರ್, ರಾಜಕಾಲುವೆಗಳ ಮಧ್ಯರೇಖೆಯಿಂದ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್ ಅಂತರವನ್ನು ಮೀಸಲು ವಲಯವಾಗಿ ಗೊತ್ತುಪಡಿಸಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿ ಮಹಾಯೋಜನೆಯ ಅಂತರವನ್ನೇ ಉಳಿಸಿತು. ಈ ಮೂರು ವರ್ಷ ನಕ್ಷೆ ಮಂಜೂರಾತಿ ಸಿಗದೆ, ಸಾಲದ ಬಡ್ಡಿ ಮಾತ್ರ ಬೆಳೆಯುತ್ತಾ ಹೋದವರ ಪಾಡನ್ನು ಕೇಳಿದವರಿಲ್ಲ. 2025ರಲ್ಲಿ ಕೆರೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಅಂತರವನ್ನು ಬದಲಿಸುವ ವಿಧೇಯಕವು ವಿಧಾನಮಂಡಲದ ಮುಂದೆ ಬಂದಿತು. ಹತ್ತು ವರ್ಷಗಳಲ್ಲಿ ಇಷ್ಟು ಬಾರಿ ಅಲುಗಾಡಿದ ಅಳತೆಯನ್ನು ದಲ್ಲಾಳಿಯ ಮಾತಿನಿಂದ ತಿಳಿಯಬಾರದು; ಖರೀದಿಯ ಸಮಯದಲ್ಲಿ ಜಾರಿಯಲ್ಲಿರುವ ಅಂತರವನ್ನು ಯೋಜನಾ ಕಚೇರಿಯಿಂದ ಲಿಖಿತವಾಗಿಯೇ ಪಡೆಯಬೇಕು.

ಕತ್ರಿಗುಪ್ಪೆ, ಉತ್ತರಹಳ್ಳಿಗಳಂತೆ ಹಿಂದೆ ಗ್ರಾಮವಾಗಿದ್ದ ಕಡೆಗಳಲ್ಲಿ ಹಳೆಯ ಸರ್ವೆ ನಂಬರಿನ ಪಹಣಿ, ಆಕಾರಬಂದ್ ಮತ್ತು ಗ್ರಾಮನಕ್ಷೆಗಳನ್ನು ತೆಗೆಸಿ ನೋಡಬೇಕು. ಅಲ್ಲಿ ‘ಬಿ’ ಖರಾಬು ಎಂದಿದ್ದರೆ ಅದು ಹಳ್ಳ, ಕೆರೆ, ದಾರಿ ಮುಂತಾದ ಸಾರ್ವಜನಿಕ ಉಪಯೋಗದ ಜಮೀನು. ಮೇಲೆ ಎಷ್ಟು ಕ್ರಯಪತ್ರಗಳಾಗಿದ್ದರೂ ಆ ಗುಣ ಹೋಗುವುದಿಲ್ಲ. ಪಾಲಿಕೆಯ ಖಾತಾ ತೆರಿಗೆಯ ದಾಖಲೆಯೇ ಹೊರತು ಹಕ್ಕಿನ ದಾಖಲೆಯಲ್ಲ.

ಜಾಗವೊಂದು ಉದ್ಯಾನವೇ, ಸಿಎ ನಿವೇಶನವೇ, ಕೆರೆಯಂಗಳವೇ ಎಂಬ ಸಂಶಯವಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಮಂಜೂರಾದ ಬಡಾವಣೆ ನಕ್ಷೆಯ ಪ್ರತಿಯನ್ನೂ, 1985ರ ಅಧಿನಿಯಮದ ಪಟ್ಟಿಯಲ್ಲಿ ಆ ಜಾಗ ಸೇರಿದೆಯೇ ಎಂಬ ಉತ್ತರವನ್ನೂ ಕೇಳಬಹುದು. ಅರ್ಜಿ ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ, ಬಡಾವಣೆ ನಕ್ಷೆಗೆ ಬಿಡಿಎ ಕಚೇರಿಗೊಂದು, ಪಟ್ಟಿಗೆ ಪಾಲಿಕೆಗೊಂದು ಎಂದು ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸುವುದು ಲೇಸು. ಮುಂಗಡ ಹಣವನ್ನು ಆ ಉತ್ತರಗಳು ಕೈಸೇರಿದ ಮೇಲೆ ಕೊಡಬಹುದು.